ಹದಿನೇಳನೇ ನಂಬರು

ಕೈಯಲ್ಲಿ ಕೆಲಸವಿದ್ದರೆ ಪಕ್ಕಕ್ಕಿಟ್ಟು ಓದಿ... ಎರಡೇ ನಿಮಿಷ ಸಾಕು.

ಗದಗಿನ ಒಂದು ಹಳೆಯ ಶಾಲೆ. ಒಂದನೇ ತರಗತಿಯ ಸುಶೀಲಾ ಟೀಚರ ನಿವೃತ್ತಿಗೆ ಇನ್ನೊಂದೇ ವರ್ಷ.

ಹಾಜರಿ ಕರೆಯುವಾಗ ಹದಿನಾರನೇ ಹೆಸರಾದ ಮೇಲೆ ಅವರು ಒಂದು ಕ್ಷಣ ತಡೆಯುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ...

ಇಪ್ಪತ್ತೆಂಟು ವರ್ಷಗಳ ಹಿಂದೆ ಹದಿನೇಳನೇ ನಂಬರು ನೀಲಗಂಗಾ. ಉಗ್ಗುವ ಹುಡುಗಿ. ಎದ್ದು ನಿಂತು "ಹಾ... ಹಾ..." ಅನ್ನುವಷ್ಟರಲ್ಲಿ ಕ್ಲಾಸೆಲ್ಲ ನಗುತ್ತಿತ್ತು.

ಟೀಚರಿಗೋ ಸದಾ ಗಡಿಬಿಡಿ! ಕಣ್ಣೆದುರೇ ನಿಂತ ಮಗುವಿಗೆ ಕೆಂಪು ಪೆನ್ನಿನಲ್ಲಿ "ಗೈರು" ಎಂದು ಬರೆದು, "ಬಾಯಿಬಿಟ್ಟ ಹೇಳಾಕ ಬರೂದಿಲ್ಲಂದ್ರ ಸಾಲಿಗಿ ಯಾಕ ಬರ್ತೀ?" ಎಂದಿದ್ದರು.

ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅವಳು ನಿಜವಾಗಿಯೂ ಗೈರು. ಮತ್ತೆಂದೂ ಬರಲಿಲ್ಲ.

ಆ "ಹಾ... ಹಾ..." ಮಾತ್ರ ಟೀಚರ ಕಿವಿಯಿಂದ ಹೋಗಲೇ ಇಲ್ಲ. ಅನ್ನಕ್ಕೆ ಕೂತರೂ ಅದೇ, ಪೂಜೆಗೆ ಕೂತರೂ ಅದೇ.

ಈ ಜೂನ್‌ನಲ್ಲಿ ಒಬ್ಬ ತಂದೆ ತನ್ನ ಮಗಳು ದಾನೇಶ್ವರಿಯನ್ನು ಸೇರಿಸಲು ಬಂದ. ಹೆಂಡತಿ ತಲೆ ತುಂಬ ಸೆರಗು ಹೊದ್ದು ಬಾಗಿಲ ಹೊರಗೇ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ.

"ಮಾತಾಡೂವಾಗ ಇಕೀ ನಾಲಿಗಿ ತಡವರಸ್ತೈತ್ರಿ ಟೀಚರ್. ಯಾರರ ನಕ್ರ ನಾಳಿಂದ ಬರೂದಿಲ್ರಿ..."

ಟೀಚರ್ ತಾವೇ ದಾನೇಶ್ವರಿಯ ಕೈ ಹಿಡಿದು ಒಳಗೆ ಕರೆದೊಯ್ದರು.

ಮರುದಿನವೇ ಹಾಜರಿಯ ಪದ್ಧತಿ ಬದಲಾಯಿತು. ಪಕ್ಕಪಕ್ಕ ಕೂತ ಇಬ್ಬರು ಕೈ ಹಿಡಿದು ಎದ್ದು, ಒಟ್ಟಿಗೇ "ಹಾಜರ್ ಟೀಚರ್" ಅನ್ನಬೇಕು. ಗೆಳತಿ ಬಸಮ್ಮನ ದನಿಯ ಜೊತೆ ದಾನೇಶ್ವರಿಯ ದನಿಯೂ ತಡೆಯಿಲ್ಲದೆ ಬಂತು!

ತಾಯಿ ದಿನಾ ಕಿಟಕಿಯ ಹೊರಗೆ ನಿಂತು ಹಾಜರಿ ಮುಗಿಯುವವರೆಗೆ ಕೇಳುತ್ತಿದ್ದಳು. "ಒಳಗ ಬರ್ರಿ" ಎಂದರೆ ತಲೆ ಅಲ್ಲಾಡಿಸುವಳು.

ಒಂದು ದಿನ ಬಸಮ್ಮ ಬರಲಿಲ್ಲ. ದಾನೇಶ್ವರಿ ಒಬ್ಬಳೇ ಎದ್ದಳು.

"ಹಾ... ಹಾ..."

ಅದೇ ದನಿ! ಟೀಚರ್ ಪೆನ್ನು ಕೆಳಗಿಟ್ಟರು.

"ಗಡಿಬಿಡಿ ಇಲ್ಲವ್ವಾ. ನಾವು ಕಾಯ್ತೀವಿ."

ಇಡೀ ಕ್ಲಾಸು ಕಾಯಿತು. ಒಬ್ಬರೂ ನಗಲಿಲ್ಲ...

"ಹಾ... ಹಾಜರ್ ಟೀಚರ್. ಬ... ಬಸಮ್ಮಗ ಜ್ವರಾ ಬಂದಾವ್ರಿ."

ತನ್ನ ಹಾಜರಿಯ ಜೊತೆಗೆ ಗೆಳತಿಯ ಸುದ್ದಿಯನ್ನೂ ಹೇಳಿ ಕೂತಳು, ಜಾಣೆ!

ಕಿಟಕಿಯ ಹೊರಗೆ ಯಾರೋ ಬಿಕ್ಕಿದ ಸದ್ದು. ತಾಯಿ ಮೊದಲ ಸಲ ಒಳಗೆ ಬಂದಳು. ಟೇಬಲ್ಲಿನ ಮುಂದೆ ನಿಂತು ಸೆರಗು ಸರಿಸಿದಳು.

"ನೀ... ನೀಲಗಂಗಾ... ಹಾ... ಹಾಜರ್ರಿ ಟೀಚರ್."

ಟೀಚರಿಗೆ ಕಣ್ಣು ಮಂಜಾಯಿತು. ಅವಳ ಎರಡೂ ಕೈ ಹಿಡಿದರು. "ಇಷ್ಟ್ ದಿನ ಯಾಕ ಸುಮ್ಕ ಹೊರಗ ನಿಂತಿದ್ದಿ, ನನ್ನವ್ವಾ?"

"ನ... ನನ್ನ ಮಗಳಿಗರ ನೀವು... ಕಾ... ಕಾಯ್ತೀರೋ ಇಲ್ಲೋ... ನೋಡಾಕ್ರಿ."

ಆ ಸಂಜೆ ಟೀಚರ್ ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದರು. ನೀಲಗಂಗಾಳ ಮೂರು "ಗೈರು"ಗಳನ್ನು ಹೊಡೆದುಹಾಕಿ "ಹಾಜರ್" ಎಂದು ಬರೆದರು. ಆದರೆ ಆಮೇಲಿನ ದಿನಗಳ ಖಾಲಿ ಚೌಕಗಳಲ್ಲಿ ಏನು ಬರೆಯಬೇಕೋ ತಿಳಿಯದೆ ಅಳುತ್ತಾ ಕೂತರು...

ಮಾತು ತಡವಾಗಿ ಬರುವ ಮಗು ಎಂದೂ ಗೈರಾಗಿರುವುದಿಲ್ಲ, ಕಾಯಲು ನಾವೇ ಅಲ್ಲಿರುವುದಿಲ್ಲ.

ನಿಮ್ಮ ಗಡಿಬಿಡಿಯಲ್ಲಿ ಯಾರ ಮಾತು ಅರ್ಧಕ್ಕೇ ನಿಂತುಹೋಗಿದೆ... ಒಮ್ಮೆ ನೆನಪಿಸಿಕೊಳ್ಳುವಿರಾ?