ಹಾರದ ಕೋವಿ

ಸಣ್ಣ ತೋಟಾಗಳನ್ನೂ ಹಾರಿಸಲು ಬರುವಂತೆ ಕಿಟ್ ಹಾಕಿಸಿದ ಮೇಲೆ ಕೋವಿಯಲ್ಲಿ ತೋಟಾ ಸಿಕ್ಕಿಕೊಳ್ಳುತ್ತಿದೆಯೆಂದು ಬೆಳ್ಯಪ್ಪ ಅದನ್ನು ರಿಪೇರಿಗೆ ಬಿಟ್ಟುಹೋದ. ಹಿಂದೆಯೇ ಅವನ ಹೆಂಡತಿ ದೇಚಮ್ಮ ಬಂದಳು.

"ಸರಿ ಮಾಡಬೇಡಿ ಅಣ್ಣಾ. ಕುಡಿದಾಗ ಅದನ್ನ ನನ್ನ ಎದೆಗೇ ಹಿಡೀತಾರೆ."

ಕೋವಿ ರಿಪೇರಿಯ ಕುಶಾಲಪ್ಪ ಹೂಂಗುಟ್ಟಿದ. ಕೋವಿ ಹಾರದಂತೆ, ತೋಟಾ ತಳ್ಳುವ ಮ್ಯಾಗಜೀನಿನ ಸ್ಪ್ರಿಂಗನ್ನು ಇನ್ನಷ್ಟು ಸಡಿಲಿಸಿ, "ಈಗ ಸರಿಯಾಯ್ತು," ಎಂದು ಬೆಳ್ಯಪ್ಪನಿಗೆ ಕೊಟ್ಟು ಕಳಿಸಿದ.

ವಾರ ಕಳೆದು ಬೆಳ್ಯಪ್ಪ ಮತ್ತೆ ಬಂದು, ಕೋವಿಯನ್ನು ಮೇಜಿನ ಮೇಲಿಟ್ಟ. ಕುಡಿದಿರಲಿಲ್ಲ.

"ಎಷ್ಟು ಎಳೆದ್ರೂ ಹಾರಲೇ ಇಲ್ಲ, ಕುಶಾಲಪ್ಪ."

ದೇಚಮ್ಮ ಬದುಕಿಕೊಂಡಳೆಂದು ಕುಶಾಲಪ್ಪ ನಿಟ್ಟುಸಿರುಬಿಟ್ಟ. ಆದರೂ ಸಿಟ್ಟು ತಡೆಯಲಾಗದೆ ಕೇಳಿಯೇಬಿಟ್ಟ:

"ಯಾರಿಗೆ ಗುರಿ ಇಟ್ಟಿದ್ರಿ?"

"ಕಾಡುಹಂದಿಗೆ. ತೋಟದಲ್ಲಿ ದೇಚುನ ಕೆಡವಿ, ಅವಳ ಉಸಿರು ನಿಲ್ಲೋವರೆಗೂ ತಿವೀತಾನೇ ಇತ್ತು."