ಭವ್ಯಶ್ರೀಗೆ ಬಂದ ಸಂಬಂಧ

ಶಂಕಿತ ವ್ಯಕ್ತಿ ಎರಡು ಮಸಾಲೆದೋಸೆ ತಿಂದು, ಕೈ ತೊಳೆದು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಗಲ್ಫಿನ ರೂವಿ ಪೇಟೆಯ ಆ ಹೋಟೆಲಿನ ಕಂಬದ ಹಿಂದೆ ಕುಳಿತಿದ್ದ ಸೌಮ್ಯಶ್ರೀ ಅದನ್ನು ಬರೆದುಕೊಂಡಳು. ಕರವಸ್ತ್ರವನ್ನು ಇಷ್ಟು ಅಚ್ಚುಕಟ್ಟಾಗಿ ಮಡಚುವವನು ಬೇರೆ ಏನನ್ನಾದರೂ ಅಷ್ಟೇ ಅಚ್ಚುಕಟ್ಟಾಗಿ ಮುಚ್ಚಿಡಬಲ್ಲ. ಅವನೂ ಮೊಬೈಲಿನಲ್ಲಿ ಏನೋ ಗೀಚಿಕೊಂಡ. ಅದನ್ನೂ ಬರೆದುಕೊಂಡಳು.

ಅವಳು ಉಣ್ಣೆಯ ಸ್ವೆಟರ್ ಹಾಕಿದ್ದಳು. ಹೊರಗೆ ನಲವತ್ತೆರಡು ಡಿಗ್ರಿ.

ಸ್ವೆಟರಿನ ಹೊಣೆ ಸ್ವೀಡನ್ನಿನದು. ಎರಡು ವರ್ಷದಿಂದ ಅವಳು ಸ್ವೀಡಿಷ್ ಕ್ರೈಮ್ ಸೀರಿಯಲ್‌ಗಳನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಅಲ್ಲಿ ಸರೋವರದಲ್ಲಿ ಹೆಣ ತೇಲುತ್ತದೆ. ದಪ್ಪ ಸ್ವೆಟರಿನ ಇನ್ಸ್‌ಪೆಕ್ಟರಮ್ಮ ಯಾರೊಡನೆಯೂ ಮಾತಾಡದೆ ಕಾಫಿ ಕುಡಿಯುತ್ತಾಳೆ. ಆರನೇ ಎಪಿಸೋಡಿನ ಹೊತ್ತಿಗೆ ಅಪ್ಪ ಅಪ್ಪನಲ್ಲ, ತಂಗಿಯ ಗಂಡನ ಮೇಲೆ ಅಕ್ಕನಿಗೆ ಕಣ್ಣು, ಕೊಂದವನು ಮೊದಲ ದಿನ ನಗುತ್ತ ಬಾಗಿಲು ತೆರೆದು ಹಿಡಿದವನೇ. ಹಾಗಾಗಿ ಪುತ್ತೂರಿನಿಂದ ಅಮ್ಮ ಫೋನಿನಲ್ಲಿ ಕೆಲಸ ಒಪ್ಪಿಸಿದಾಗ, ಇದಕ್ಕೇ ತಾನು ಹುಟ್ಟಿದ್ದು ಅನಿಸಿತು.

"ಚಿಕ್ಕಮ್ಮನ ಭವ್ಯಶ್ರೀಗೆ ಒಂದು ಸಂಬಂಧ ಬಂದುಂಟು. ಹುಡುಗ ವಿಕಾಸ್, ಖುರುಮ್‌ನಲ್ಲಿ ಇನ್ಶೂರೆನ್ಸ್ ಆಫೀಸು. ಮೆಲ್ಲ ವಿಚಾರಿಸು ಮಗಾ. ಅವಸರ ಮಾಡ್ಬೇಡ. ಸರೀ ನೋಡು."

ಗಲ್ಫಿನ ಹುಡುಗನನ್ನು ಗಲ್ಫಿನಲ್ಲೇ ಇರುವ ನಂಟರ ಮೂಲಕ ಗುಟ್ಟಾಗಿ ವಿಚಾರಿಸುವುದು ಊರಿನ ರೂಢಿ. ಅಮ್ಮ ಸರಿಯಾದವಳನ್ನೇ ಹಿಡಿದಿದ್ದಳು. ಸೌಮ್ಯಶ್ರೀ ತನಗೆ ಬಂದ ಒಂಬತ್ತು ಹುಡುಗರನ್ನು ಬರೀ ಫೋಟೋ ನೋಡಿ ಬೇಡ ಅಂದವಳು. ಒಬ್ಬನ ಕಿವಿ ದೊಡ್ಡದು. ಇನ್ನೊಬ್ಬ ಯಾರದೋ ಕಾರಿಗೆ ಒರಗಿ ನಿಂತಿದ್ದ. ಆದರೆ ಭವ್ಯ ಅವಳು ಎತ್ತಿ ಆಡಿಸಿದ ತಂಗಿ. ಇಲ್ಲಿ ತಪ್ಪಿದರೆ ಆ ಹುಡುಗಿಯ ಬಾಳು ಹಾಳು.

ಪ್ರತಿ ಶುಕ್ರವಾರ, ರಜೆಯ ದಿನ, ಅವನ ಬೆನ್ನು ಹತ್ತಿದಳು. ವಿಚಿತ್ರವೆಂದರೆ, ಅವನನ್ನು ಹುಡುಕುವ ಕಷ್ಟವೇ ಇರಲಿಲ್ಲ. ದಾರ್ಸೈತ್‌ನ ಕೃಷ್ಣ ದೇವಸ್ಥಾನಕ್ಕೆ ಹೋದರೆ ಅಲ್ಲಿದ್ದ, ಬಾಗಿಲು ತೆರೆದು ಹಿಡಿದ. ಹಲ್ಲುನೋವೆಂದು ಕ್ಲಿನಿಕ್ಕಿಗೆ ಹೋದರೆ ಅಲ್ಲೂ ಪೇಪರ್ ಹಿಡಿದು ಕುಳಿತಿದ್ದ, ಹಲ್ಲೆಲ್ಲ ನೆಟ್ಟಗಿದ್ದೂ. ಒಮ್ಮೆ ಅವಳ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಅರ್ಧ ಗಂಟೆ ಒಂದೇ ಈರುಳ್ಳಿಯನ್ನು ಪರೀಕ್ಷಿಸುತ್ತಿದ್ದ.

"ಈ ಬಿಲ್ಡಿಂಗಿನಲ್ಲಿ ಅವನಿಗೆ ಯಾರೋ ಹೆಂಗಸಿದ್ದಾಳೆ," ಎಂದಳು ಸೌಮ್ಯಶ್ರೀ.

"ಇರಬಹುದು," ಎಂದಳು ಜೊತೆಗೆ ಮನೆ ಹಂಚಿಕೊಂಡಿದ್ದ ಶಿಫಾನಾ, ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ. "ನೀನು ಮೊದಲು ಆ ಸ್ವೆಟರ್ ತೆಗಿ ಮಾರಾಯ್ತಿ. ಕುರಿಮರಿ ಹಾಗೆ ಕಾಣ್ತಿ."

ಅಮ್ಮ ವಾರ ವಾರ ವರದಿ ಕೇಳುತ್ತಿದ್ದಳು. "ಎತ್ತರ ಹೇಗೆ, ನಿನ್ನಿಂದ ಉದ್ದ ಉಂಟಾ?"

"ನನ್ನ ಎತ್ತರ ಎಂತಕ್ಕೆ? ಭವ್ಯ ನನ್ನಿಂದ ಗಿಡ್ಡ ಅಲ್ವಾ?"

"ಒಂದು ಅಂದಾಜಿಗೆ ಕೇಳಿದ್ದು."

ಐದನೇ ಶುಕ್ರವಾರ ಖುರುಮ್ ಬೀಚಿನಲ್ಲಿ ಉಣ್ಣೆ ಗೆದ್ದಿತು. ಸೌಮ್ಯಶ್ರೀ ತಲೆ ತಿರುಗಿ ಮರಳಿನ ಮೇಲೆ ಕುಸಿದಳು. ಕಣ್ಣು ಬಿಟ್ಟಾಗ ಶಂಕಿತ ವ್ಯಕ್ತಿ ಪೇಪರಿನಿಂದ ಗಾಳಿ ಹಾಕುತ್ತಿದ್ದ. ಇನ್ನೊಂದು ಕೈಯಲ್ಲಿ ತಣ್ಣನೆಯ ಮಜ್ಜಿಗೆ ಬಾಟಲಿ.

"ಕುಡಿಯಿರಿ. ಈ ಸ್ವೆಟರ್ ಎಂತಕ್ಕೆ, ಕೇಳಬಹುದಾ?"

"ಚಳಿ."

"ಹೌದೌದು," ಎಂದ ಅವನು ಹಣೆಯ ಬೆವರು ಒರೆಸಿಕೊಳ್ಳುತ್ತ. "ನನಗೂ ಸ್ವಲ್ಪ ಆಗ್ತಾ ಉಂಟು."

ಅವಳಿಗೆ ನಗು ಬಂತು. ಎರಡು ಗಂಟೆ ಮಾತಾಡಿದರು. ಅವನ ಕಿವಿಗಳು ಸಾಕಷ್ಟು ದೊಡ್ಡವು. ಚೆನ್ನಾಗಿದ್ದವು.

ಮನೆಗೆ ಬಂದು ನೋಟ್‌ಬುಕ್ ತಿರುವಿದಳು. ಐದು ವಾರದಲ್ಲಿ ಒಂದು ದೋಷವೂ ಸಿಕ್ಕಿರಲಿಲ್ಲ. ಅಮ್ಮನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಅವನು ಭವ್ಯಳ ಗಂಡನಾಗುತ್ತಾನೆ. ತಾನು ಜೀವನಪೂರ್ತಿ ಅವನಿಗೆ ಅತ್ತಿಗೆ. ಹಬ್ಬಕ್ಕೆ ಬಂದಾಗ ಪಾಯಸ ಬಡಿಸಿ, ಇನ್ನೊಂದು ಸೌಟು ಹಾಕಲಾ ಅನ್ನಬೇಕು. ಇದು ಆರನೇ ಎಪಿಸೋಡು ಎಂದು ಅವಳಿಗೆ ತಟ್ಟನೆ ಹೊಳೆಯಿತು. ಅಪರಾಧಿ ತಾನೇ.

ಫೋನ್ ಮಾಡಿದಳು. "ಅಮ್ಮಾ, ಭವ್ಯಂಗೆ ಈ ಹುಡುಗ ಬೇಡ. ಗುಣ ಸರಿ ಇಲ್ಲ."

"ಭವ್ಯಂಗೆ ಬೇಡ, ಸರಿ," ಎಂದಳು ಅಮ್ಮ ತಣ್ಣಗೆ. "ಅವಳಿಗೆ ಬೇರೆ ಕಡೆ ನಿಶ್ಚಯ ಆಗಿ ಎರಡು ತಿಂಗಳಾಯ್ತು. ನಿಂಗೆ ಗೊತ್ತಾಗದ ಹಾಗೆ ಎಲ್ಲರ ಬಾಯಿ ಮುಚ್ಚಿಸಿ ಇಟ್ಟಿದ್ದೆ. ಫೋಟೋ ಕೊಟ್ರೆ ನೀನು ಎರಡು ನಿಮಿಷ ನೋಡುದಿಲ್ಲ. ಇವನನ್ನು ಐದು ವಾರ ನೋಡಿದಿ."

ಸೌಮ್ಯಶ್ರೀ ನೋಟ್‌ಬುಕ್ ಮುಚ್ಚಿದಳು.

"ಅವನೂ ನಿನ್ನ ಹಾಗೇ, ಯಾವ ಫೋಟೋನೂ ಆಗುದಿಲ್ಲ. ಅದಕ್ಕೆ ಅವನ ಅಮ್ಮನೂ 'ನಿನ್ನ ತಮ್ಮನಿಗೆ ಒಂದು ಹುಡುಗಿ ಉಂಟು, ಮೆಲ್ಲ ವಿಚಾರಿಸು' ಅಂತ ಹೇಳಿ ಅವನನ್ನು ನಿನ್ನ ಹಿಂದೆ ಬಿಟ್ಟದ್ದು. ಅವನ ವರದಿ ಈಗಷ್ಟೇ ಬಂತು."

"ಎಂತ ಹೇಳಿದ?"

"ತಮ್ಮನಿಗೆ ಈ ಹುಡುಗಿ ಬೇಡವಂತೆ, ಗುಣ ಸರಿ ಇಲ್ಲವಂತೆ."