ಬಾಯಲ್ಲಿ ಕಚ್ಚಿದ ಪಿನ್ನು

"ತಲೆ ಎತ್ತು" ಎಂದವಳೇ ಹೆಡ್‌ಕ್ಲರ್ಕ್ ಅಕ್ಕ ಸೇಫ್ಟಿ ಪಿನ್ನನ್ನು ತುಟಿಗಳ ನಡುವೆ ಕಚ್ಚಿಕೊಂಡು, ಹೊಸ ಟೈಪಿಸ್ಟ್ ಹುಡುಗಿಯ ಕಾಲರನ್ನು ಎರಡೂ ಕಡೆಯಿಂದ ಎಳೆದು ಕತ್ತಿನವರೆಗೆ ಮುಚ್ಚಿದಳು. ಹೆಂಗಸರ ವಾಶ್‌ರೂಮಿನ ಕನ್ನಡಿಯಲ್ಲಿ ಹುಡುಗಿಯ ಮುಖ ಕೆಂಪಾಗಿತ್ತು. ಈಗಷ್ಟೇ ಸಾಹೇಬರು ಅಕ್ಕನನ್ನು ಚೇಂಬರಿಗೆ ಕರೆದು, "ಆ ಹುಡುಗಿ ಕುತ್ತಿಗೆ ಅಷ್ಟೊಂದು ಕಾಣೋದು ನಮ್ಮ ಆಫೀಸಿಗೆ ಸರಿಹೋಗಲ್ಲ. ನೀವೇ ಹೇಳಿಬಿಡಿ, ನಾನು ಹೇಳಿದ್ರೆ ಚೆನ್ನಾಗಿರಲ್ಲ" ಎಂದು ಕೈತೊಳೆದುಕೊಂಡಿದ್ದರು.

"ನಮ್ಮಮ್ಮನೇ ಇಸ್ತ್ರಿ ಮಾಡಿಕೊಟ್ಟಿದ್ದು ಅಕ್ಕಾ. ಇದ್ರಲ್ಲಿ ಅಂಥದ್ದೇನು ಕಾಣತ್ತೆ?"

ಪಿನ್ನು ಬಾಯಲ್ಲಿತ್ತು. ಅಕ್ಕ "ಹ್ಞೂಂ" ಎಂದಷ್ಟೇ ಅಂದಳು.

"ಸಾಹೇಬ್ರ ಅಂಗೀಲಿ ಮೇಲಿನ ಎರಡು ಗುಂಡಿ ಯಾವಾಗ್ಲೂ ಬಿಚ್ಚೇ ಇರತ್ತಲ್ಲಾ, ಅವರಿಗೆ ಯಾರು ಪಿನ್ನು ಹಾಕ್ತಾರೆ?"

ಅಕ್ಕನಿಗೆ ನಗು ಉಕ್ಕಿಬಂತು. ಪಿನ್ನು ಬೀಳದಿರಲೆಂದು ತುಟಿ ಬಿಗಿಹಿಡಿದಳು. ಹುಡುಗಿ ಮಾತ್ರ ನಗಲಿಲ್ಲ.

"ನನ್ನ ಬಟ್ಟೆ ಸರಿಯಾಗೇ ಇದೆ ಅಂತ ನೀವು ಅವರಿಗೆ ಹೇಳ್ಲಿಲ್ವಾ ಅಕ್ಕಾ?"

ಅಕ್ಕ ಬಾಯಿಂದ ಪಿನ್ನು ತೆಗೆದಳು. ಹುಡುಗಿಗೆ ಚುಚ್ಚದ ಹಾಗೆ ಕಾಲರಿನ ಒಳಗೆ ತನ್ನ ಬೆರಳಿಟ್ಟು, ಮೆಲ್ಲಗೆ ಹಾಕಿದಳು. ಒಂದೇ ಪಿನ್ನು ಸಾಕಾಯಿತು, ಕಾಲರು ಅಲುಗಾಡಲಿಲ್ಲ. ಇನ್ನು ಮಾಡಲು ಏನೂ ಉಳಿದಿರಲಿಲ್ಲ, ಬಾಯಿಯೂ ಖಾಲಿಯಾಗಿತ್ತು. ಕನ್ನಡಿಯೊಳಗಿಂದ ಹುಡುಗಿಯ ಕಣ್ಣು ಇನ್ನೂ ಅವಳನ್ನೇ ನೋಡುತ್ತಿತ್ತು.

ಅಕ್ಕ ಪರ್ಸಿನೊಳಗೆ ಕೈಯಾಡಿಸಿ, ಇನ್ನೊಂದು ಪಿನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು.